ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹಗುರ ಓದಿನ ರ‍್ಯಾಕು

ಪಠ್ಯ ಬೇಕಾದರೆ ವಿದ್ಯಾರ್ಥಿ ಮೂರು ಮಹಡಿಯಾದರೂ ಹತ್ತುತ್ತಾನೆ, ಪತ್ತೇದಾರಿ ಕಾದಂಬರಿಗೆ ಹತ್ತುವುದಿಲ್ಲ. ಆದ್ದರಿಂದ ಈ ರ‍್ಯಾಕು ಬ್ಯಾಗ್ ಇಡುವ ಜಾಗಕ್ಕೂ ಇಶ್ಯೂ ಕೌಂಟರಿಗೂ ನಡುವೆ ಇರಲಿ. ಪಶ್ಚಿಮದ ಕಿಟಕಿ ಪಕ್ಕ ಮಾತ್ರ ಬೇಡ. ಕಲಬುರಗಿಯ ಏಪ್ರಿಲ್, ಮೇ ಬಿಸಿಲಿಗೆ ಅಂಟಿನ ಬೈಂಡಿಂಗ್ ಒಣಗಿ ಹಾಳೆಗಳು ಬಿಡಿಬಿಡಿಯಾಗಿ ಕೈಗೆ ಬರುತ್ತವೆ.

ಆರಂಭಕ್ಕೆ 300 ಪುಸ್ತಕ ಸಾಕು. ಅರ್ಧ ಕನ್ನಡ ಇರಲಿ, ಉಳಿದರ್ಧವನ್ನು ಹಾಸ್ಟೆಲ್‌ನಲ್ಲಿ ಕೇಳಿ ತೀರ್ಮಾನಿಸಿ. ಬೀದರಿನಲ್ಲಿ ಮರಾಠಿ, ಉರ್ದು, ಯಾದಗಿರಿಯ ಗಡಿ ಕಡೆ ತೆಲುಗು ಓದುವವರು ಇದ್ದೇ ಇರುತ್ತಾರೆ. ಡ್ಯೂಯಿ ಕ್ರಮದಲ್ಲಿ, ಅಂದರೆ ವಿಷಯಕ್ಕೊಂದು ಅಂಕಿ ಕೊಡುವ ಲೈಬ್ರರಿ ವರ್ಗೀಕರಣದಲ್ಲಿ ಜೋಡಿಸಿದರೆ ಕನ್ನಡ ಸಾಹಿತ್ಯ 894.814ಕ್ಕೆ, ಉರ್ದು 891.439ಕ್ಕೆ, ಮರಾಠಿ 891.46ಕ್ಕೆ ಹೋಗಿ ಪತ್ತೇದಾರಿ ಕಥೆಗಳೆಲ್ಲ ಚದುರುತ್ತವೆ. ಬೆನ್ನಿಗೆ ಬಣ್ಣದ ಪಟ್ಟಿ ಅಂಟಿಸಿ, ಪತ್ತೇದಾರಿ, ಹಾಸ್ಯ, ಪ್ರವಾಸ, ಕಾಮಿಕ್ಸ್ ಎಂದು ಬೇರ್ಪಡಿಸಿದರೆ ಸಾಕು. ದಾನಕ್ಕೆ ಬಂದ ಹಳೇ ಗೈಡುಗಳನ್ನು ಮುಲಾಜಿಲ್ಲದೆ ಹೊರಗಿಡಿ.

ಸಾಮಾನ್ಯ ಕಾದಂಬರಿಯ ಅಳತೆಯಾದ 1/8 ಡೆಮಿ ಪುಸ್ತಕ ಸುಮಾರು 14 ಸೆಂ.ಮೀ. ಅಗಲ. 90 ಸೆಂ.ಮೀ. ಹಲಗೆಯಲ್ಲಿ ಆರು ಪುಸ್ತಕ ಮುಖಪುಟ ಕಾಣುವಂತೆ ನಿಲ್ಲುತ್ತವೆ. ಕಣ್ಣಿನ ಮಟ್ಟದ ಹಲಗೆಯನ್ನು ಇದಕ್ಕೇ ಬಿಡಿ.

ಲೈಬ್ರರಿ ನಿರ್ವಹಣೆಯ ಕೋಹಾ ತಂತ್ರಾಂಶ ಬಳಸುವವರು ಹೆಚ್ಚಾಗಿ ಎಡವುವುದು ಮುಂದಿನ ಹಂತದಲ್ಲಿ. ಪುಸ್ತಕ ಯಾವ ಸಂಗ್ರಹದ್ದೆಂದು ಹೇಳುವ ಕಲೆಕ್ಷನ್ ಕೋಡ್ ಒಂದನ್ನೇ ಬದಲಿಸಿದರೆ ಎರವಲಿನ ನಿಯಮ ಬದಲಾಗುವುದಿಲ್ಲ, ಏಕೆಂದರೆ ಆ ನಿಯಮ ನೋಡುವುದು ಶಾಖೆ, ಸದಸ್ಯರ ವರ್ಗ, ಐಟಂ ಟೈಪ್ (ಪುಸ್ತಕದ ಬಗೆ) ಈ ಮೂರನ್ನೇ. ‘ಹಗುರ ಓದು’ ಎಂಬ ಹೊಸ ಐಟಂ ಟೈಪ್ ಮಾಡಿ, ಪ್ರತಿಯೊಂದು ಪ್ರತಿಯ ವಿವರ ಇರುವ 952 ಟ್ಯಾಗಿನ ವೈ ಉಪಕ್ಷೇತ್ರದಲ್ಲಿ ಅದನ್ನೇ ಹಾಕಿ. ಎರಡು ಪುಸ್ತಕ, 14 ದಿನ ಎಂದು ನಿಯಮ ಬರೆಯಿರಿ. ಆಮೇಲೆ ಆ ಸದಸ್ಯರ ವರ್ಗದ ಒಟ್ಟು ಎರವಲಿನ ಮಿತಿಯನ್ನೂ ಎರಡು ಏರಿಸಿ. ಮರೆತರೆ ಪಠ್ಯಪುಸ್ತಕದ ಕೋಟಾ ಮುಗಿಸಿದವನಿಗೆ ಕಾದಂಬರಿ ಸಿಗದು, ಬೈಗುಳ ಮಾತ್ರ ಕೌಂಟರಿನವರಿಗೆ. ಅಲ್ಲೇ ಕೂತು ಓದಿ ಬಿಟ್ಟುಹೋದ ಪುಸ್ತಕಗಳನ್ನು ಸಂಜೆ ಸ್ಕ್ಯಾನ್ ಮಾಡಿ ಒಳಬಳಕೆ ಎಂದು ದಾಖಲಿಸಿ. ಮುಂದಿನ ವರ್ಷದ ಇಂಡೆಂಟಿಗೆ ಆ ಅಂಕಿಯೇ ಆಧಾರ.

ಪುಸ್ತಕ ಕಳೆದೀತೆಂದು ಬೀಗ ಹಾಕಿಡುವುದು ಹಳೇ ಚಾಳಿ. ಕೇಂದ್ರ ಸಂಸ್ಥೆಗಳಿಗೆ ಅನ್ವಯಿಸುವ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ವರ್ಷದಲ್ಲಿ ಎರವಲು ಹೋದ ಅಥವಾ ನೋಡಿದ ಸಾವಿರಕ್ಕೆ ಐದು ಸಂಪುಟದ ನಷ್ಟ ಸಹಜ. 1,000 ರೂಪಾಯಿಗೂ ಹೆಚ್ಚು ಬೆಲೆಯ ಪುಸ್ತಕ, ಅಥವಾ ಬೆಲೆ ಎಷ್ಟೇ ಇರಲಿ ಅಪರೂಪದ ಪುಸ್ತಕ ಕಳೆದರೆ ತನಿಖೆ ಆಗಲೇಬೇಕು. ಹಾಗಾಗಿ ದುಬಾರಿ ಚಿತ್ರಸಂಪುಟಗಳನ್ನು ಈ ರ‍್ಯಾಕಿನಲ್ಲಿ ಇಡಬೇಡಿ. ರಾಜ್ಯ ವಿಶ್ವವಿದ್ಯಾಲಯದವರು ತಮ್ಮ ಲೆಕ್ಕಪತ್ರ ವಿಭಾಗವನ್ನು ಕೇಳಿಕೊಳ್ಳಲಿ.

ಪುಸ್ತಕದ ಜೊತೆಗೆಂದು ಸಿನಿಮಾ ಡಿವಿಡಿ ಕೊಳ್ಳಬೇಡಿ, ಈಗಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕುವ ಜಾಗವೇ ಇರುವುದಿಲ್ಲ. ಅದರ ಬದಲು ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಗೆ ಸಂಬಂಧಪಟ್ಟವರಿಗಷ್ಟೇ ಸಿನಿಮಾ ತೋರಿಸಲು ಕೃತಿಸ್ವಾಮ್ಯ ಕಾಯ್ದೆಯ 52(1)(ಜೆ) ಅವಕಾಶ ಕೊಡುತ್ತದೆ. ಊರವರಿಗೆ ಬಾಗಿಲು ತೆರೆದರೆ ಆ ರಿಯಾಯಿತಿ ಇಲ್ಲ. ಯಾರದೋ ಸ್ವಂತ ಓಟಿಟಿ ಖಾತೆಯಿಂದ ಪ್ರೊಜೆಕ್ಟರಿಗೆ ಹಾಕುವುದೂ ಬೇಡ, ಆ ಖಾತೆಯ ಷರತ್ತೇ ಬೇರೆ. ಕನ್ನಡ ಅಡಿಬರಹದ ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮದಲ್ಲಿ ಉಳಿಸಿ, ಇಲ್ಲದಿದ್ದರೆ ಪರದೆ ಮೇಲೆ ಬರುವುದು ಬರೀ ಚೌಕಗಳು ಮತ್ತು ಪ್ರಶ್ನಾರ್ಥಕ ಚಿಹ್ನೆಗಳು.