ಜಡಿಮಳೆಯಲ್ಲೂ ಉಳ್ಕೊಂಡ ನನ್ನ ಹಾವೋರ್ಥಿಯಾ

ನಾನು ಮೊದ್ಲು ತಂದ ಸಕ್ಯುಲೆಂಟ್ (ದಪ್ಪ ಎಲೆಯಲ್ಲೇ ನೀರು ಕೂಡಿಟ್ಕೊಳ್ಳೋ ಗಿಡ) ಎಚೆವೇರಿಯಾ, ತಾವರೆ ಹೂವಿನ ತರ ಎಲೆ ಜೋಡಿಸಿಟ್ಟ ಹಾಗಿರುತ್ತಲ್ಲ ಅದು. ಶಿವಮೊಗ್ಗದ ಒಂದು ನರ್ಸರೀಲಿ ತಗೊಂಡಿದ್ದು, ವಾರಕ್ಕೊಂದ್ಸಲ ನೀರು ಹಾಕಿ ಸಾಕು ಅಂದ್ರು, ನಾನೂ ಭಾನುವಾರ ತಪ್ಪಿಸದೆ ಹಾಕ್ದೆ. ಮೇ ತನಕ ಚೆನ್ನಾಗೇ ಇತ್ತು. ಆರಿದ್ರಾ ಮಳೆ ಹಿಡ್ಕೊಂಡ ಮೇಲೆ ಒಂದಿನ ಬೆಳಿಗ್ಗೆ ಮುಟ್ತೀನಿ, ಎಲೆ ಒಂದೊಂದೇ ಕೈಗೆ ಬರ್ತಿದೆ, ಬುಡ ಕಪ್ಪಗೆ ಪಿಚಪಿಚ.

ವಾರಕ್ಕೊಂದ್ಸಲ ಅನ್ನೋದು ಬಯಲುಸೀಮೆ ಲೆಕ್ಕ ಮಾರಾಯ್ರೆ. ನಮ್ಮ ತೀರ್ಥಹಳ್ಳಿ ಕಡೆ ಜುಲೈನಲ್ಲಿ ಬಟ್ಟೆ ಒಣಗ್ಬೇಕಂದ್ರೆ ಬಚ್ಚಲು ಒಲೆ ಹತ್ರ ಹರವಬೇಕು, ಚಪ್ಪಲಿಗೂ ಬೂಸ್ಟು ಬರುತ್ತೆ, ಅಂಥದ್ರಲ್ಲಿ ಕುಂಡದ ಮಣ್ಣು ಏಳು ದಿನಕ್ಕೆ ಒಣಗುತ್ತಾ?

ಆಮೇಲೆ ತಂದಿದ್ದು ಹಾವೋರ್ಥಿಯಾ, ಕಡುಹಸಿರು ಎಲೆ ಮೇಲೆ ಬಿಳಿ ಪಟ್ಟೆ ಇರೋದು. ದಕ್ಷಿಣ ಆಫ್ರಿಕಾದ ಗಿಡ, ಅಲ್ಲಿ ಪೊದೆ ಬುಡದಲ್ಲಿ, ಬಂಡೆ ನೆರಳಲ್ಲಿ ಬೆಳೆಯುತ್ತೆ, ಅದಕ್ಕೇ ಮನೆಯೊಳಗಿನ ಬೆಳಕಿಗೆ ಹೊಂದ್ಕೊಳ್ಳುತ್ತೆ. ಎಚೆವೇರಿಯಾ ಮೆಕ್ಸಿಕೋ ಕಡೇದು, ಅದಕ್ಕೆ ಬಿಸಿಲು ಬೇಕೇ ಬೇಕು, ಇಲ್ಲಾಂದ್ರೆ ಕತ್ತು ಉದ್ದ ಮಾಡ್ಕೊಂಡು ಬಡಕಲಾಗುತ್ತೆ. ನಮ್ಮ ಹೆಂಚಿನ ಮನೆ ಮೊದ್ಲೇ ಕತ್ತಲೆ, ನಡುಮನೇಲಿ ಒಂದು ಗಾಜಿನ ಹೆಂಚಿದೆ, ಹಾವೋರ್ಥಿಯಾ ಕುಂಡ ಅದರಡಿ ಸ್ಟೂಲ್ ಮೇಲೆ. ಮಾರ್ಚಲ್ಲಿ ಮಾತ್ರ ಮಧ್ಯಾಹ್ನದ ಬಿಸಿಲು ನೇರ ಬಿದ್ದು ಎಲೆ ತುದಿ ಕೆಂಪಾಯ್ತು, ಒಂದಡಿ ಪಕ್ಕಕ್ಕೆ ಸರಿಸಿದ್ಮೇಲೆ ನಿಧಾನಕ್ಕೆ ಸರಿ ಹೋಯ್ತು.

ಮಣ್ಣಿನ ವಿಷಯಕ್ಕೆ ಬಂದ್ರೆ, ತೋಟದ ಮಣ್ಣು ಒಂದು ಪಾಲಷ್ಟೇ. ಉಳಿದ ಎರಡು ಪಾಲು ದಪ್ಪ ಮರಳು, ಕುಟ್ಟಿದ ಹೆಂಚಿನ ಚೂರು, ಒಲೆಯಿಂದ ತೆಗೆದ ಇದ್ದಿಲು, ಚೂರು, ಇದ್ದಿಲು ಎರಡೂ ಕಡ್ಲೆಕಾಳು ಗಾತ್ರ, ಪುಡಿ ಜರಡಿ ಹಿಡಿದು ಚೆಲ್ಲಿದ್ದೆ. ಗೊಬ್ಬರ ಹಾಕ್ಲಿಲ್ಲ. ಕುಂಡ ಮಣ್ಣಿಂದೇ, ಅಡಿಯಲ್ಲಿ ತೂತಿರೋದು. ಪಿಂಗಾಣಿ ಕಪ್ಪಲ್ಲಿ ನೆಟ್ಟು ಫೋಟೋ ಹಾಕ್ತಾರಲ್ಲ, ನೋಡೋಕೆ ಚಂದ ಅಷ್ಟೇ, ನೀರು ಹೋಗೋಕೆ ದಾರಿ ಇಲ್ಲ.

ನೀರಿಗೆ ವಾರದ ಲೆಕ್ಕ ಬಿಟ್ಟೆ. ಊದುಬತ್ತಿ ಉರಿದು ಉಳಿಯೋ ಕಡ್ಡಿ ಇರುತ್ತಲ್ಲ, ಅದನ್ನ ಕುಂಡದ ತಳದವರೆಗೂ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೀತೀನಿ, ಕಡ್ಡಿಗೆ ಮಣ್ಣು ಅಂಟಿದ್ರೆ ನೀರಿಲ್ಲ. ಒಣಗಿದ್ರೆ ತೂತಿಂದ ಇಳಿಯೋವರೆಗೂ ಹಾಕಿ ತಟ್ಟೇಲಿ ನಿಂತಿದ್ದನ್ನ ಚೆಲ್ಲೋದು. ಬೇಸಿಗೇಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಆಗುತ್ತೆ, ಜೂನ್ ಕೊನೆಯಿಂದ ಆಗಸ್ಟ್ ತನಕ ಸೊನ್ನೆ. ಈ ಜಾತಿ ಎಲೆಯ ರಂಧ್ರಗಳನ್ನ ಹೆಚ್ಚಾಗಿ ರಾತ್ರಿ ತೆಗೆದು ಹಗಲು ಮುಚ್ಕೊಳ್ಳುತ್ತೆ, ನೀರು ಆವಿಯಾಗೋದು ಕಮ್ಮಿ, ಹಂಗಾಗಿ ಎಲೆಯಲ್ಲಿರೋ ನೀರಲ್ಲೇ ದಿನ ದೂಡುತ್ತೆ.

ಇಷ್ಟೆಲ್ಲಾ ಮಾಡಿನೂ ಒಂದ್ಸಲ ಕೈಬಿಡೋದ್ರಲ್ಲಿತ್ತು. ಪುಷ್ಯ ಮಳೇಲಿ ನಾನು ಹತ್ತು ದಿನ ಊರಲ್ಲಿರ್ಲಿಲ್ಲ, ಅಮ್ಮ ದಿನಾ ತುಳಸಿಗೆ ಹಾಕಿ ಚೊಂಬಲ್ಲಿ ಉಳಿದ ನೀರು ಇದಕ್ಕೆ ಹುಯ್ದಿದಾಳೆ. ‘ಪಾಪ ಒಣಗ್ತಿತ್ತಲ್ಲೇ ಮಾರಾಯ್ತಿ’ ಅಂತ. ಬಂದು ನೋಡಿದ್ರೆ ಹೊರಗಿನ ಎಲೆಗಳು ಬೇಯಿಸಿದ ಹಾಗಲಕಾಯಿ ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ವು. ಕಿತ್ತು ಮಣ್ಣು ಉದುರಿಸ್ದೆ, ಕಂದು ಬಣ್ಣದ ಬೇರು ಎಳೆದ್ರೆ ಸಿಪ್ಪೆ ಜಾರಿ ಒಳಗೆ ದಾರ ಮಾತ್ರ ಉಳೀತಿತ್ತು, ಬಿಳೀ ಬೇರು ಎರಡೇ ಎರಡು. ಕೊಳೆತಿದ್ದನ್ನೆಲ್ಲ ಬ್ಲೇಡಲ್ಲಿ ಕತ್ತರಿಸಿ, ಪೇಪರ್ ಮೇಲೆ ಒಲೆ ಪಕ್ಕದ ಗೋಡೆ ಹತ್ರ ಐದು ದಿನ ಹಾಗೇ ಇಟ್ಟೆ, ಗಾಯ ಒಣಗಿ ಗಟ್ಟಿಯಾದ್ಮೇಲೆ ಒಣಮಣ್ಣಲ್ಲಿ ಕೂರ್ಸಿದ್ದು. ಮತ್ತೆ ಎರಡು ವಾರ ನೀರು ಮುಟ್ಟಿಸ್ಲಿಲ್ಲ.

ದೀಪಾವಳಿ ಹೊತ್ತಿಗೆ ಮೆಲ್ಲಗೆ ಅಲ್ಲಾಡಿಸಿದ್ರೆ ಗಟ್ಟಿಯಾಗಿ ಕೂತಿತ್ತು, ಬೇರು ಬಿಟ್ಟಿತ್ತು. ಈಗ ಬುಡದಲ್ಲಿ ಮೂರು ಮರಿ ಬಂದಿದಾವೆ. ಅಮ್ಮ ಈಗ ನನ್ನ ಕೇಳದೆ ನೀರು ಹಾಕಲ್ಲ, ಆದ್ರೆ ದಿನಾ ಕೇಳ್ತಾಳೆ.