ಅಡಿಕೆ ಇಳುವರಿ ಲೆಕ್ಕದ ಆರ್ ಫಂಕ್ಷನ್‌ಗೆ ಇನ್‌ಪುಟ್ ಪರೀಕ್ಷೆ

ಬದಿಯಡ್ಕ, ಕುಂಬಳೆ ಕಡೆಯ ತೋಟಗಳ ಲೆಕ್ಕಕ್ಕೆ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಬಳಸುವ ಫಂಕ್ಷನ್ ಚಿಕ್ಕದು: ಮರಗಳ ಸಂಖ್ಯೆ, ಜಾಗ, ಒಣ ಅಡಿಕೆಯ ತೂಕ ಕೊಟ್ಟರೆ ಎಕರೆವಾರು ಇಳುವರಿ ಬರುತ್ತದೆ. ಲೆಕ್ಕಕ್ಕಿಂತ ಪರೀಕ್ಷೆಯ ಸಾಲುಗಳೇ ಹೆಚ್ಚು. ಅದು ಹಾಗೆಯೇ ಇರಬೇಕು.

ಮೊದಲು ಪ್ರತಿ ಕಾಲಂನ ಉದ್ದ, ಅಂದರೆ ಅದರಲ್ಲಿ ಎಷ್ಟು ಅಂಕಿಗಳಿವೆ ಎಂದು ನೋಡುತ್ತೇನೆ. ‘ಸ್ಟಾಪ್‌ಇಫ್‌ನಾಟ್’ (ಷರತ್ತು ಸುಳ್ಳಾದರೆ ಲೆಕ್ಕ ನಿಲ್ಲಿಸುವ ಆಜ್ಞೆ) ಒಳಗೆ ‘ತೂಕ > 0’ ಎಂದಷ್ಟೇ ಬರೆದರೆ ಸಾಲದು. ಡಾಲರ್ ಚಿಹ್ನೆ ಹಾಕಿ ಕರೆದ ಕಾಲಂ ಹೆಸರಿನಲ್ಲಿ ಅಕ್ಷರ ತಪ್ಪಿದರೆ ಡೇಟಾ ಫ್ರೇಮ್ (ಆರ್‌ನ ಕೋಷ್ಟಕ) ಕೊಡುವುದು ‘ನಲ್’, ಅಂದರೆ ಏನೂ ಇಲ್ಲ. ಅದನ್ನು ಸೊನ್ನೆಗೆ ಹೋಲಿಸಿದರೆ ಖಾಲಿ ಉತ್ತರ. ಖಾಲಿಯ ಮೇಲೆ ‘ಆಲ್’ (ಎಲ್ಲವೂ ನಿಜವೇ ಎಂಬ ಪ್ರಶ್ನೆ) ಹಾಕಿದರೆ ‘ಟ್ರೂ’, ಅಂದರೆ ನಿಜ. ಪರೀಕ್ಷೆ ಪಾಸಾಗಿ, ಒಟ್ಟು ತೂಕ ಸೊನ್ನೆ ಎಂದು ಬರುತ್ತದೆ, ಎಚ್ಚರಿಕೆಯೂ ಇಲ್ಲ. ಆದ್ದರಿಂದ ‘ಲೆಂಗ್ತ್’ ಸೊನ್ನೆಗಿಂತ ಹೆಚ್ಚಿದೆಯೇ, ಮೂರೂ ಕಾಲಂಗಳದ್ದು ಸಮವೇ ಎಂಬುದು ಮೊದಲ ಸಾಲು.

ಆಮೇಲೆ ‘ಈಸ್.ನ್ಯೂಮರಿಕ್’, ಅಂದರೆ ಕಾಲಂನಲ್ಲಿರುವುದು ಸಂಖ್ಯೆಯೇ ಎಂಬ ಪರೀಕ್ಷೆ. ಹಳೆಯ ಲೆಕ್ಕದ ಪುಸ್ತಕ ನೋಡಿ ಟೈಪ್ ಮಾಡಿದ ಕಾಲಂನಲ್ಲಿ ಒಂದೇ ಕಡೆ ‘೪೫೦’ ಅಥವಾ ‘1,250’ ಇದ್ದರೂ ಇಡೀ ಕಾಲಂ ಪಠ್ಯವಾಗಿಬಿಡುತ್ತದೆ. ಅಲ್ಪವಿರಾಮವನ್ನು ‘ಜಿಸಬ್’ನಿಂದ ತೆಗೆದು, ಕನ್ನಡ ಅಂಕಿಗಳನ್ನು ‘ಚಾರ್‌ಟಿಆರ್’ನಿಂದ ಬದಲಿಸಬೇಕು. ಈ ಶುದ್ಧೀಕರಣ ಫಂಕ್ಷನ್‌ನ ಹೊರಗೆ ನಡೆಯಲಿ. ಒಳಗೆ ಗುಟ್ಟಾಗಿ ಮಾಡಿದರೆ ಯಾವ ಅಂಕಿ ಬದಲಾಯಿತೆಂದು ಯಾರಿಗೂ ತಿಳಿಯದು. 4.0.0ಕ್ಕಿಂತ ಹಿಂದಿನ ಆರ್‌ನಲ್ಲಿ ಇಂಥ ಕಾಲಂ ತಾನಾಗಿಯೇ ‘ಫ್ಯಾಕ್ಟರ್’ (ಪ್ರತಿ ಬೇರೆ ಬೆಲೆಗೂ ಒಂದು ಕ್ರಮಸಂಖ್ಯೆ ಇಟ್ಟುಕೊಳ್ಳುವ ಬಗೆ) ಆಗುತ್ತಿತ್ತು. ಅದಕ್ಕೆ ನೇರವಾಗಿ ‘ಆಸ್.ನ್ಯೂಮರಿಕ್’ ಹಾಕಿದರೆ ತೂಕದ ಬದಲು 1, 2, 3 ಎಂಬ ಕ್ರಮಸಂಖ್ಯೆ ಬರುತ್ತದೆ, ಮೊದಲು ‘ಆಸ್.ಕ್ಯಾರೆಕ್ಟರ್’ ಆಗಬೇಕು.

ಬಿಟ್ಟುಹೋದ ಅಂಕಿಗೆ ‘ಈಸ್.ಎನ್‌ಎ’ಗಿಂತ ‘ಈಸ್.ಫೈನೈಟ್’ ಮೇಲು, ಅನಂತವನ್ನೂ ಅದು ಹಿಡಿಯುತ್ತದೆ.

ನಮ್ಮ ಕಡೆ ಹೆಚ್ಚು ಕಾಡುವುದು ಸೆಂಟ್ಸ್ (ಒಂದು ಸೆಂಟ್ ಎಂದರೆ ಎಕರೆಯ ನೂರರಲ್ಲೊಂದು ಭಾಗ). ಒಬ್ಬರು 40 ಸೆಂಟ್ಸ್ ಎಂದು ಬರೆದರೆ ಇನ್ನೊಬ್ಬರು 0.4 ಎಕರೆ ಎನ್ನುತ್ತಾರೆ. ಅಳತೆಯ ಹೆಸರನ್ನು ‘ಮ್ಯಾಚ್.ಆರ್ಗ್’ನಿಂದ (ಕೊಟ್ಟ ಹೆಸರು ಪಟ್ಟಿಯಲ್ಲಿದೆಯೇ ಎಂದು ಪರೀಕ್ಷಿಸುವ ಫಂಕ್ಷನ್) ನೋಡುತ್ತೇನೆ, ಆದರೆ ಆಯ್ಕೆಗಳ ಪಟ್ಟಿಯನ್ನು ಡಿಫಾಲ್ಟ್ ಆಗಿ ಇಡುವುದಿಲ್ಲ. ಇಟ್ಟರೆ, ಏನೂ ಹೇಳದವರಿಗೆ ಮೊದಲ ಆಯ್ಕೆ ಸದ್ದಿಲ್ಲದೆ ಅಂಟಿಕೊಳ್ಳುತ್ತದೆ. ಅಂಕಿ ಸರಿಯಿದ್ದು ಅಳತೆ ತಪ್ಪಿದ್ದರೆ ಮರಗಳ ಸಾಂದ್ರತೆ ಹೇಳುತ್ತದೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 555 ಮರ. 40 ಸೆಂಟ್ಸಿನ 220 ಮರಗಳನ್ನು 40 ಎಕರೆಗೆ ಹಂಚಿದರೆ ಎಕರೆಗೆ ಐದೂವರೆ!

ಇಲ್ಲಿ ‘ಸ್ಟಾಪ್’ ಹಾಕಿ ಲೆಕ್ಕ ನಿಲ್ಲಿಸುವುದಿಲ್ಲ. ತೆಂಗಿನ ನಡುವೆ ಅಡಿಕೆ ವಿರಳವಾಗಿರುವ ತೋಟಗಳೂ ಇವೆ. ಎಕರೆಗೆ ಮರಗಳು 200ಕ್ಕಿಂತ ಕಡಿಮೆ ಅಥವಾ 1000ಕ್ಕಿಂತ ಹೆಚ್ಚಾದರೆ ‘ವಾರ್ನಿಂಗ್’ ಕೊಟ್ಟು, ‘ವಿಚ್’ನಿಂದ ಸಿಕ್ಕ ಸಾಲಿನ ಸಂಖ್ಯೆಯನ್ನೂ ಬಂದ ಸಾಂದ್ರತೆಯನ್ನೂ ಅದರಲ್ಲೇ ಬರೆಯುತ್ತೇನೆ. ಆಗ ಮೂಲ ಪುಸ್ತಕದ ಆ ಪುಟ ತೆರೆದು ನೋಡಬಹುದು.