ಹಿಮದ ಗುಡ್ಡದ ಬಗ್ಗೆ ಯಾರ ಮಾತು ಕೇಳಬೇಕು?

ಕಾಶ್ಮೀರದ ಗುಲ್ಮಾರ್ಗಿನಿಂದ ಬೆಳಗಾವಿಗೆ ಮರಳಿದ ದಿನ ಪಕ್ಕದ ಮನೆಯ ವೈನಿ ಕೇಳಿದರು, "ಹೆಂಗೈತ್ರಿ ಗುಡ್ಡಾ?" ನಾನು, "ಭಾಳ ಚಂದ ಐತ್ರಿ. ಕಲಿಯೋರಿಗೆ ಕೆಳಗಿನ ಬಯಲ ಸಾಕು" ಅಂದೆ. ಚೀಲ ಬಿಚ್ಚುತ್ತಿದ್ದ ತಮ್ಮ ಅಲ್ಲಿಂದಲೇ ಕೂಗಿದ, "ಅಕ್ಕಾ, ಕೆಳಗ ಏನೈತಿ? ಬರೇ ನಡಿಯೂದು. ಗುಡ್ಡಾ ಅಂದ್ರ ಮ್ಯಾಲಿಂದು!"

ಇಬ್ಬರೂ ಏಳು ದಿನ ಒಂದೇ ಕಡೆ ಇದ್ದೆವು. ಹಿಮದ ಮೇಲೆ ಜಾರಲು ನನ್ನ ಕಾಲಿಗೆ ಎರಡು ಸ್ಕೀ, ಅಂದರೆ ಕಾಲಿಗೊಂದು ಉದ್ದ ಪಟ್ಟಿ; ಅವನ ಎರಡೂ ಕಾಲಿಗೆ ಸೇರಿ ಒಂದೇ ಅಗಲ ಹಲಗೆ, ಸ್ನೋಬೋರ್ಡ್. ಅದರಿಂದಲೇ ಎರಡು ಗುಡ್ಡ ಆದವು. ಹಾಗಾಗಿ ಹಿಮದ ಗುಡ್ಡಕ್ಕೆ ಹೋಗಬೇಕು ಅಂತಿದ್ದರೆ, ಅದರ ಬಗ್ಗೆ ಯಾರು ಏನೇ ಹೇಳಿದರೂ ಮೊದಲು ಇದೊಂದು ಕೇಳಿ: ನೀವು ಕಾಲಿಗೆ ಏನು ಕಟ್ಟಿಕೊಂಡಿದ್ರಿ?

ಗುಲ್ಮಾರ್ಗ್ ಸರಳ ಜಾಗ. ಊರು ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಂದ ಗೊಂಡೋಲಾ, ಅಂದರೆ ತಂತಿಗೆ ತೂಗುವ ಡಬ್ಬಿಗಳ ಕೇಬಲ್ ಕಾರ್, ಎರಡು ಹಂತದಲ್ಲಿ ಏರುತ್ತದೆ. ಮೊದಲ ಹಂತ ಕೊಂಗ್ದೂರಿವರೆಗೆ, ಎರಡನೆಯದು ಅಫರ್ವಾಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ. ಮಷಿನ್ ಓಡಿಸಿ ಸಪಾಟು ಮಾಡಿದ ದಾರಿಗಳು ಕಡಿಮೆ. ಉಳಿದದ್ದೆಲ್ಲ ಆಕಾಶದಿಂದ ಹೇಗೆ ಬಿತ್ತೋ ಹಾಗೇ ಇರುವ ಹಿಮ. ಜೋರಾಗಿ ಹಿಮ ಬಿದ್ದ ದಿನ ಅಥವಾ ಗಾಳಿ ಎದ್ದ ದಿನ ಎರಡನೇ ಹಂತ ಬಂದ್. ಆಗ ಕಾಂಗಡಿ ಅನ್ನುವ ಕೆಂಡದ ಬುಟ್ಟಿಯಲ್ಲಿ ಕೈ ಕಾಸಿಕೊಳ್ಳುತ್ತಾ, ಕಾಶ್ಮೀರಿ ಚಹಾ ಕಹ್ವಾ ಕುಡಿಯುತ್ತಾ ಕಾಯಬೇಕು. ಸವಲತ್ತು ಬೇಕು ಅನ್ನುವವರಿಗೆ ಇದು ಬೇಸರ ತರಿಸಬಹುದು. ಹಿಮ ಬೇಕು ಅನ್ನುವವರಿಗೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನಾನಂತೂ ನೋಡಿಲ್ಲ.

ಈಗ ಅಭಿಪ್ರಾಯ ಎಲ್ಲಿ ಒಡೆಯುತ್ತದೆ ನೋಡಿ.

ಮೊದಲು ಸಪಾಟು ಜಾಗ. ಸ್ಕೀ ಮಾಡುವವರ ಕೈಯಲ್ಲಿ ಎರಡು ಕೋಲು ಇರುತ್ತವೆ. ಇಳಿಜಾರು ಮುಗಿದರೆ ಕೋಲು ಊರಿ ತಳ್ಳಿಕೊಂಡು ಹೋಗಬಹುದು. ಬೋರ್ಡಿನವರಿಗೆ ಕೋಲಿಲ್ಲ, ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ. ವೇಗ ಹೋಯಿತೋ, ನಿಂತಲ್ಲೇ ನಿಂತ ಹಾಗೆ. ಹಿಂದಿನ ಕಾಲಿನ ಪಟ್ಟಿ ಬಿಚ್ಚಿ, ಆ ಕಾಲಿನಿಂದ ತಳ್ಳುತ್ತಾ ಸಾಗಬೇಕು. ಮೆತ್ತನೆ ಹಿಮದಲ್ಲಿ ಆ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಗುಲ್ಮಾರ್ಗಿನ ಕೆಳಗಿನ ಬಯಲು ಬಹುತೇಕ ಸಪಾಟು. ತಮ್ಮ "ಬರೇ ನಡಿಯೂದು" ಅಂದದ್ದು ಅದಕ್ಕೇ.

ಇನ್ನೊಂದು, ಎಳೆಯುವ ಲಿಫ್ಟ್. ಕಲಿಯುವವರ ಬಯಲಲ್ಲಿ ಕೂತು ಹೋಗುವ ಕುರ್ಚಿ ಇಲ್ಲ. ಮೇಲೆ ಓಡುವ ತಂತಿಯಿಂದ ಒಂದು ಕೋಲು ಇಳಿಬಿಟ್ಟಿರುತ್ತಾರೆ, ಅದರ ತುದಿಯಲ್ಲಿ ತಟ್ಟೆಯಂಥದ್ದು. ಅದನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡರೆ ಎಳೆದುಕೊಂಡು ಹೋಗುತ್ತದೆ. ಸ್ಕೀ ಹಾಕಿದವರಿಗೆ ಮುಖ ಮುಂದೆ, ಕಾಲು ಎರಡು ಕಡೆ, ಸಲೀಸು. ಬೋರ್ಡ್ ಹಾಕಿದವರು ಅಡ್ಡಡ್ಡ ನಿಂತು, ಒಂದು ಕಾಲಿನ ಮೇಲೆ ಭಾರ ಹಾಕಿ, ಸೊಂಟ ತಿರುಚಿಕೊಂಡು ಹೋಗಬೇಕು. ಮೊದಲ ದಿನ ತಮ್ಮ ನಾಲ್ಕು ಸಲ ಅರ್ಧ ದಾರಿಯಲ್ಲೇ ಬಿದ್ದ. ಐದನೇ ಸಲ ಬೋರ್ಡ್ ಕಂಕುಳಲ್ಲಿ ಹಿಡಿದು ನಡೆದೇ ಏರಿದ.

ಆದರೆ ಅಫರ್ವಾಟ್ ಮೇಲೆ ಎಲ್ಲ ಉಲ್ಟಾ. ಅಲ್ಲಿ ಸೊಂಟದವರೆಗೆ ಹಿಟ್ಟಿನಂಥ ಹಿಮ. ಅಗಲ ಹಲಗೆ ಅದರ ಮೇಲೆ ತೇಲುತ್ತದೆ, ಸಣ್ಣ ಸ್ಕೀ ಮುಳುಗುತ್ತದೆ. ತಮ್ಮ ಕೆರೆಯಲ್ಲಿ ತೆಪ್ಪ ಹೋದ ಹಾಗೆ ಸದ್ದಿಲ್ಲದೆ ಇಳಿದ. ನನ್ನ ಒಂದು ಸ್ಕೀ ಒಳಗೆ ಹೊಕ್ಕು ಕಳಚಿತು. ಹಿಮದೊಳಗೆ ಕೈ ಹಾಕಿ ಹುಡುಕಲು ಹತ್ತು ನಿಮಿಷ ಬೇಕಾಯಿತು. ಮೇಲೆ ಹೋಗುವ ಆಸೆ ಇದ್ದರೆ ಬಾಡಿಗೆ ಅಂಗಡಿಯಲ್ಲಿ "ಅಗಲ ಸ್ಕೀ ಕೊಡಿ" ಅಂತಲೇ ಕೇಳಿ.

ಈ ಜಗಳ ನಮ್ಮ ಮನೆಯದಷ್ಟೇ ಅಂದುಕೊಳ್ಳಬೇಡಿ. ಅಮೆರಿಕದ ಮೂರು ಗುಡ್ಡಗಳಲ್ಲಿ ಸ್ನೋಬೋರ್ಡಿಗೆ ಪ್ರವೇಶವೇ ಇಲ್ಲ: ಯೂಟಾದ ಆಲ್ಟಾ ಮತ್ತು ಡಿಯರ್ ವ್ಯಾಲಿ, ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್. ಈ ಕೊನೆಯದರಲ್ಲಿ 1948ರಲ್ಲಿ ಹಾಕಿದ, ಒಬ್ಬರೇ ಕೂರುವ ಕುರ್ಚಿಯ ಲಿಫ್ಟ್ ಇವತ್ತೂ ಇದೆ. 1995ರಿಂದ ಅದರ ಮಾಲೀಕರು ಸ್ಕೀ ಮಾಡುವವರದೇ ಒಂದು ಸಹಕಾರ ಸಂಘ. ಅವರಿಗೆ ಅದು ಪ್ರಾಣ. ಬೋರ್ಡಿನವರನ್ನು ಕೇಳಿದರೆ ಬೇರೆಯೇ ಮಾತು ಬರುತ್ತದೆ. ಗುಲ್ಮಾರ್ಗಿನಲ್ಲಿ ಇಬ್ಬರಿಗೂ ಜಾಗ ಇದೆ. ಅದು ನನಗೆ ತುಂಬಾ ಇಷ್ಟ.

ಹಾಗಾದರೆ ನೀವು ಯಾವುದು ಕಲಿಯಬೇಕು? ಕೈಯಲ್ಲಿ ಮೂರೇ ದಿನ ಇದ್ದರೆ ಸ್ಕೀ. ಮೊದಲ ದಿನವೇ ಮೆಲ್ಲಗೆ ಇಳಿಯಬಹುದು. ಬೋರ್ಡಿನ ಮೊದಲ ಎರಡು ದಿನ ಬರೀ ಬೀಳುವುದೇ. ಮುಂಗೈಗೂ ಕುಂಡಿಗೂ ಪೆಟ್ಟು ಜಾಸ್ತಿ. ಸ್ಕೀಯಲ್ಲಿ ಮೊಣಕಾಲು ಜೋಪಾನ. ವಾರ ಇದ್ದು, ಮೇಲಿನ ಹಿಮವೇ ಬೇಕು ಅಂದರೆ ಬೋರ್ಡ್ ಹಿಡಿಯಿರಿ. ನಮ್ಮ ಬೆಳಗಾವಿಯಲ್ಲಿ ಮಕ್ಕಳ ರೋಲರ್ ಸ್ಕೇಟಿಂಗ್ ಜೋರಲ್ವಾ, ಆ ಮಕ್ಕಳಿಗೆ ಸ್ಕೀ ಬೇಗ ಕೈಗೂಡುತ್ತದೆ. ನನಗೂ ಚಿಕ್ಕಂದಿನ ಸ್ಕೇಟಿಂಗೇ ಕೈ ಹಿಡಿದದ್ದು.

ನಮ್ಮ ಓಣಿಯಲ್ಲಿ ಸೈನ್ಯದಿಂದ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ಗುಲ್ಮಾರ್ಗಿನಲ್ಲೇ ಇರುವ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನಲ್ಲಿ ತರಬೇತಿ ಆದವರು. ಅವರ ಲೆಕ್ಕವೇ ಬೇರೆ: "ತಂಗೀ, ಇಳಿಯೂದು ಎಲ್ಲಾರೂ ನೋಡ್ತಾರ. ಬೆನ್ನ ಮ್ಯಾಲೆ ಭಾರ ಹೊತ್ತು ಏರೂದಕ್ಕೂ ಬರಬೇಕು, ಅದು ಸ್ಕೀ." ಅವರು ಗುಡ್ಡವನ್ನು ಏರುವವರ ಕಣ್ಣಿಂದ ನೋಡಿದವರು. ಯಾರದೇ ಅಭಿಪ್ರಾಯ ಕೇಳುವಾಗ ಅವರಿಗೆ ಅಲ್ಲಿ ಏನು ಕೆಲಸವಿತ್ತು ಅನ್ನುವುದೂ ಗೊತ್ತಿರಲಿ.

ಬಾಡಿಗೆ ಸಾಮಾನು ನೋಡದೆ ತೊಗೊಳ್ಳಬೇಡಿ. ಉಗುರನ್ನು ಲೋಹದ ಅಂಚಿನ ಮೇಲೆ ಅಡ್ಡ ಎಳೆಯಿರಿ. ಬಿಳಿ ಪುಡಿ ಉದುರಿದರೆ ಅಂಚು ಹರಿತ ಇದೆ. ಸುಮ್ನೆ ಜಾರಿದರೆ ವಾಪಸ್ ಕೊಡಿ. ಒಂದು ಅಂಗಡಿಯಲ್ಲಿ ನಾನು ಇದನ್ನು ನೋಡಲಿಲ್ಲ. ಮರುದಿನ ಬೆಳಿಗ್ಗೆ ಗಟ್ಟಿಯಾದ ಹಿಮದ ಮೇಲೆ ತಿರುಗಲು ಆಗಲೇ ಇಲ್ಲ, ಬೇಲಿಯವರೆಗೆ ಜಾರಿಹೋದೆ. ಸ್ಕೀ ಬೂಟಿನಲ್ಲಿ ಹಿಮ್ಮಡಿ ಮೇಲೇಳಬಾರದು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ನಿಮ್ಮ ತೂಕ ಹೇಳಿ ಹೊಂದಿಸಿಕೊಳ್ಳಿ. ಬಿದ್ದಾಗ ಕಳಚದಿದ್ದರೆ ಮೊಣಕಾಲು ಹೋಗುತ್ತದೆ. ಬೋರ್ಡಿಗೆ ಯಾವ ಕಾಲು ಮುಂದೆ ಅಂತ ಗೊತ್ತಾಗದಿದ್ದರೆ, ಕಾಲುಚೀಲ ಹಾಕಿಕೊಂಡು ಮನೆಯ ನುಣುಪು ನೆಲದ ಮೇಲೆ ಓಡಿ ಜಾರಿ ನೋಡಿ. ಮುಂದೆ ಹೋದ ಕಾಲೇ ಮುಂದಿನ ಕಾಲು.

ಹೋಗುವುದಾದರೆ ಫೆಬ್ರವರಿಗೆ ಹೋಗಿ. 2024ರ ಜನವರಿಯಲ್ಲಿ ಬಹಳ ದಿನ ಗುಲ್ಮಾರ್ಗ್ ಹಿಮವಿಲ್ಲದೆ ಒಣಗಿ ಕೂತಿತ್ತು. ಇಲ್ಲಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದರೆ ದಿಲ್ಲಿ, ಮುಂದೆ ಶ್ರೀನಗರಕ್ಕೆ ವಿಮಾನ. ಅಲ್ಲಿಂದ ಸುಮಾರು 50 ಕಿಲೋಮೀಟರ್. ಟಂಗ್‌ಮಾರ್ಗ್ ದಾಟಿದ ಮೇಲೆ ಗಾಡಿಯ ಗಾಲಿಗೆ ಸರಪಳಿ ಬೇಕು. ಗೊಂಡೋಲಾ ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ಮಾಡಿಸಿ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಹೋದ ದಿನವೇ ಮೇಲೆ ಏರಿದರೆ ತಲೆನೋವು ಬರಬಹುದು. ಒಂದು ದಿನ ಕೆಳಗೇ ಇರಿ, ನೀರು ಜಾಸ್ತಿ ಕುಡಿಯಿರಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೇಲೆ ಸ್ಕೀ ಗುಡ್ಡದ ಕಾವಲು ಪಡೆ ನೋಡಿಕೊಳ್ಳುವ ಇಳಿಜಾರು ಬಿಟ್ಟು ಆಚೆ ಹೋಗಬೇಡಿ. ಹೋಗಲೇಬೇಕೆಂದರೆ ಊರಿನ ಗೈಡ್ ಜೊತೆಗಿರಬೇಕು, ಹಿಮದಡಿ ಹುಡುಕುವ ಟ್ರಾನ್ಸೀವರ್, ಸಲಿಕೆ, ಉದ್ದ ಸರಳು ಎಲ್ಲರ ಬಳಿಯೂ ಇರಬೇಕು. 2024ರ ಫೆಬ್ರವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಒಬ್ಬರು ತೀರಿಕೊಂಡರು. ಇದರಲ್ಲಿ ಸ್ಕೀ, ಬೋರ್ಡ್ ಅಂತ ಭೇದವಿಲ್ಲ.

ತಿನ್ನಲು ಗೋಕಾಕದ ಕರದಂಟು ಒಯ್ಯಿರಿ. ಹೊರಗಿನ ಜೇಬಿನಲ್ಲಿಟ್ಟರೆ ಬೆಲ್ಲ ಕಲ್ಲಾಗಿ ಹಲ್ಲಿಗೆ ಸಿಗುವುದಿಲ್ಲ. ಒಳಗಿನ ಜೇಬಿನಲ್ಲಿ, ಎದೆಗೆ ತಾಗುವ ಹಾಗೆ ಇಡಿ.

ಸ್ಕೀಯವರು, ಬೋರ್ಡಿನವರು ಜೊತೆಗೆ ಹೋಗುತ್ತಿದ್ದರೆ ಇದನ್ನು ಕಲಿತಿರಿ. ಇಳಿಜಾರು ಮುಗಿಯುವ ಕಡೆ ಬೋರ್ಡಿನವರು ನಿಲ್ಲಬಾರದು, ಮೇಲಿಂದಲೇ ವೇಗ ಇಟ್ಟುಕೊಂಡು ಬರಬೇಕು. ಸ್ಕೀಯವರು ಸ್ವಲ್ಪ ಮುಂದೆ ಇದ್ದು, ಕೈಯ ಪಟ್ಟಿ ಬಿಚ್ಚಿ ಒಂದು ಕೋಲನ್ನು ಹಿಂದಕ್ಕೆ ಚಾಚಬೇಕು. ಹಿಂದಿನವರು ಕೋಲಿನ ತುದಿ ಹಿಡಿದು ಮೊಣಕಾಲು ಬಗ್ಗಿಸಿ ನಿಂತರೆ ಸಾಕು. ನಾಲ್ಕನೇ ದಿನ ತಮ್ಮನನ್ನು ಹಾಗೇ ಬಯಲಿನ ಆ ತುದಿಯವರೆಗೆ ಎಳೆದುಕೊಂಡು ಬಂದೆ. ಬಿಡುವಾಗ ಒಮ್ಮೆ ಕೂಗಿ ಹೇಳಿ, ಇಲ್ಲದಿದ್ದರೆ ಇಬ್ಬರೂ ಬೀಳುತ್ತೀರಿ.